ಮಡ್ ಸೇಲ್‌ನಿಂದ ತಂದ ಹಳೇ ರಾಕ್ ಚಕ್ಕರ್

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆರ್‌ಸಿಬಿಎಸ್ ಕಂಪನಿಯ ಹಳೇ ರಾಕ್ ಚಕ್ಕರ್ ಪ್ರೆಸ್, ಅಂದರೆ ಹೊಡೆದ ತೋಟೆಯನ್ನು ಮತ್ತೆ ತುಂಬಲು ಬಳಸುವ ಕೈಯಂತ್ರ, ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಣ್ಣ ನೋಡಬೇಡಿ, ತುಕ್ಕು ನೋಡಬೇಡಿ. ಮೇಲೆ ಕೆಳಗೆ ಓಡುವ ದಪ್ಪ ಸಲಾಕೆಯನ್ನು, ಅಂದರೆ ರ‍್ಯಾಮನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿ. ಕಟಕಟ ಅನ್ನಲಿಲ್ಲ ಅಂದರೆ ತಗೊಳ್ಳಿ. ನಾನು ಕೊಟ್ಟಿದ್ದು 55 ಡಾಲರ್. ಹೊಸದಕ್ಕೆ 200 ಡಾಲರಿನ ಮೇಲೆ. ಏಳು ತಿಂಗಳಿಂದ ಬಳಸುತ್ತಿದ್ದೇನೆ, ಹೊಸದು ಬೇಕು ಅಂತ ಒಂದು ದಿನವೂ ಅನ್ನಿಸಿಲ್ಲ.

ನಾನಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಅಂಚಿನಲ್ಲಿ. ಫೆಬ್ರವರಿ ಕೊನೆ, ಮಾರ್ಚ್ ಅಂದರೆ ಇಲ್ಲಿ ಹಿಮ ಕರಗಿ ಹೊಲವೆಲ್ಲ ಕೆಸರು. ಆ ಹೊತ್ತಿಗೆ ಊರೂರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಹಣ ಎತ್ತಲು ದೊಡ್ಡ ಹರಾಜು ನಡೆಸುತ್ತಾರೆ. ಇದಕ್ಕೆ ಮಡ್ ಸೇಲ್ ಅಂತಲೇ ಹೆಸರು. ಹಳೇ ಪದ್ಧತಿಯಲ್ಲೇ ಬದುಕುವ ಆಮಿಶ್ ಕ್ರೈಸ್ತ ಪಂಗಡದ ಹೆಂಗಸರು ಹೊಲಿದ ಕೌದಿ, ಕುದುರೆಗಾಡಿ, ಹುಲ್ಲಿನ ಪಿಂಡಿ, ನೇಗಿಲು, ಹಳೇ ಹತ್ಯಾರ, ಎಲ್ಲವೂ ಕೂಗಿಗೆ ಬರುತ್ತವೆ. ಒಂದು ಕೈಯಲ್ಲಿ ಕೋಳಿ-ಮೆಕ್ಕೆಜೋಳದ ಸೂಪಿನ ಲೋಟ ಹಿಡಿದುಕೊಂಡು ಮೊಣಕಾಲುದ್ದ ಬೂಟಿನಲ್ಲಿ ಓಡಾಡುತ್ತಿದ್ದೆ. ಸರಪಳಿಗಳ ರಾಶಿಯ ಪಕ್ಕದಲ್ಲಿ ಮರದ ಹಲಗೆಗೆ ಬೋಲ್ಟ್ ಮಾಡಿದ್ದ ಒಂದು ಹಸಿರು ಕಬ್ಬಿಣದ ಮುದ್ದೆ ಕಂಡಿತು. ಮೈಮೇಲೆ ಎರಕದಲ್ಲೇ ಮೂಡಿದ ರಾಕ್ ಚಕ್ಕರ್ ಅನ್ನುವ ಅಕ್ಷರ. ಜೊತೆಗೆ ತಂತಿಯಲ್ಲಿ ಕಟ್ಟಿದ್ದ ಒಂದು ಕಾಫಿ ಡಬ್ಬ.

ಹಿಡಿ ಎಳೆದೆ. ಎರಡು ಇಂಚು ಬಂದು ನಿಂತುಬಿಟ್ಟಿತು. ಆದರೆ ಬಂದ ಆ ಎರಡು ಇಂಚಿನಲ್ಲಿ ರ‍್ಯಾಮಿನ ತಲೆ ಹಿಡಿದು ಎಡಕ್ಕೆ ಬಲಕ್ಕೆ ಒತ್ತಿದಾಗ ಸಡಿಲ ಇರಲಿಲ್ಲ. ಕಬ್ಬಿಣದ ಕೆಲಸ ಮಾಡಿದವರಿಗೆ ಅಷ್ಟು ಸಾಕು. ತುಕ್ಕು ಹಿಡಿದದ್ದು ಬಿಡುತ್ತದೆ, ಸವೆದದ್ದು ಮಾತ್ರ ಬೆಳೆಯುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಬಿಳಿ ಗಡ್ಡದ ಆಮಿಶ್ ಅಜ್ಜ 50ರ ತನಕ ಕೂಗಿದರು. ನಾನು 55 ಅಂದೆ. ಅವರು ನನ್ನ ಕಡೆ ನೋಡಿ ತಲೆ ಆಡಿಸಿ ಬಿಟ್ಟುಕೊಟ್ಟರು.

ಇದೇನು ಯಂತ್ರ ಅಂತ ಕೇಳುವವರಿಗೆ ಎರಡು ಮಾತು. ಹೊಡೆದ ತೋಟೆಯ ಹಿತ್ತಾಳೆ ಚಿಪ್ಪು ಹಾಳಾಗಿರುವುದಿಲ್ಲ. ಮದ್ದು ಸುಟ್ಟಿರುತ್ತದೆ, ಗುಂಡು ಹೋಗಿರುತ್ತದೆ, ಪೆಟ್ಟಿಗೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಬುಡದ ಪ್ರೈಮರ್ ಸತ್ತಿರುತ್ತದೆ. ನಮ್ಮ ಮಲೆನಾಡಿನ ಮಾತಿನಲ್ಲಿ ಕೇಪು. ಆ ಸತ್ತ ಕೇಪನ್ನು ತಳ್ಳಿ, ಬೆಂಕಿಯ ಒತ್ತಡಕ್ಕೆ ಹಿಗ್ಗಿದ ಹಿತ್ತಾಳೆಯನ್ನು ಮತ್ತೆ ಅಳತೆಗೆ ಹಿಸುಕಿ, ಹೊಸ ಕೇಪು ಕೂರಿಸಿ, ತೂಗಿದ ಮದ್ದು ಹಾಕಿ, ಮೇಲೆ ಗುಂಡು ಒತ್ತಿದರೆ ತೋಟೆ ಮತ್ತೆ ತಯಾರು. ಹಿಸುಕುವ, ಒತ್ತುವ ಕೆಲಸಕ್ಕೆ ಈ ಪ್ರೆಸ್. ಕೊಪ್ಪದ ಮನೆಯಲ್ಲಿರುವ ಅಪ್ಪಯ್ಯನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು. “ಒತ್ತು ಶಾವಿಗೆ ಒರಳಿದ್ದ ಹಾಗಿದ್ಯಲ್ಲೋ” ಅಂದರು. ಕೆಲಸವೂ ಹೆಚ್ಚುಕಡಿಮೆ ಅದೇ ಅಂದೆ.

ಅಪ್ಪಯ್ಯನ ಜೋಡಿ ನಳಿಗೆ ಕೋವಿ ಈಗಲೂ ಇದೆ. ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಬೆದರಿಸಲು ಒಂದು ಈಡು, ಅಷ್ಟೇ. ಪ್ರತಿ ಚುನಾವಣೆಗೂ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಚೀಟಿ ತಂದು ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ತೋಟೆಯನ್ನು ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ಖಾಲಿ ತೋಟೆಯನ್ನು ಮೂಸಿ ನೋಡಲು ಮಾತ್ರ ಕೊಡುತ್ತಿದ್ದರು. ಆ ವಾಸನೆ ಎಲ್ಲಿ ಬಂದರೂ ನನಗೆ ಮಳೆ ಹಿಡಿದ ಕೊಟ್ಟಿಗೆಯ ಹಿಂದಿನ ಓಣಿ ಕಣ್ಣಿಗೆ ಬರುತ್ತದೆ.

ಕಾನೂನಿನ ವಿಷಯ ಹೇಳದೆ ಮುಂದೆ ಹೋಗಬಾರದು. ಭಾರತದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಇದನ್ನು ಓದಿ ಊರಲ್ಲಿ ಯಾರೂ ಕೈಹಾಕಬೇಡಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಾಟಕ್ಕೆ ತುಂಬಿದರೆ ಬೇಕು. ಎಚ್-1ಬಿ ತರಹದ ವೀಸಾದಲ್ಲಿ ಇರುವ ನಮ್ಮ ಹುಡುಗರು ಇನ್ನೊಂದು ಮಾತು ನೆನಪಿಡಿ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆ ವೀಸಾದವರು ಇಲ್ಲಿ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ನಾನು ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಕಾದೆ. ಗೆಳೆಯ ಕೊಟ್ಟ ಒಂದು ತೋಟೆಯನ್ನು ನೆನಪಿಗೆ ಅಂತ ಮೇಜಿನ ಮೇಲೂ ಇಡಲಿಲ್ಲ.

ಈ ಪ್ರೆಸ್ಸಿನ ಮನೆತನದ ಕಥೆ ನನಗೆ ಇಷ್ಟ. ಕ್ಯಾಲಿಫೋರ್ನಿಯಾದ ಓರೋವಿಲ್ ಅನ್ನುವ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಅನ್ನುವವರು 1943ರಲ್ಲಿ ತಮ್ಮ ತಂದೆಯ ಲಾಂಡ್ರಿಯ ಹಿಂಬದಿಯಲ್ಲಿ ಶುರು ಮಾಡಿದ್ದು. ಯುದ್ಧದ ಕಾಲ, ಒಳ್ಳೆಯ ಗುಂಡು ಸಿಗುತ್ತಿರಲಿಲ್ಲ. ಹೊಡೆದು ಬಿಸಾಡಿದ ಪುಟ್ಟ ತೋಟೆಗಳ, ಅಂದರೆ .22 ರಿಮ್‌ಫೈರ್ ಚಿಪ್ಪುಗಳನ್ನೇ ಕವಚ ಮಾಡಿಕೊಂಡು, ಒಳಗೆ ಸೀಸ ಇಟ್ಟು, ಅಚ್ಚಿನಲ್ಲಿ ಒತ್ತಿ ಗುಂಡು ಮಾಡುವ ಡೈಗಳನ್ನು ಅವರು ತಯಾರಿಸಿದರು. ರಾಕ್ ಚಕ್ ಅಂದರೆ ಬಂಡೆಗಳ ನಡುವೆ ಬಿಲ ಮಾಡುವ, ಅಳಿಲಿನ ಜಾತಿಯ ದಪ್ಪ ಪ್ರಾಣಿ. ಆ ಬೇಟೆಗೆ ಬೇಕಾದ ಗುಂಡಿನ ಅಚ್ಚು ಅನ್ನುವ ಅರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರವೇ ಆರ್‌ಸಿಬಿಎಸ್. ಕಸದಿಂದ ಕೆಲಸದ ವಸ್ತು ಮಾಡುವುದರಲ್ಲೇ ಹುಟ್ಟಿದ ಕಂಪನಿಯ ಯಂತ್ರವನ್ನು ನಾನು ಸರಪಳಿ ರಾಶಿಯಿಂದ ಎತ್ತಿ ತಂದೆ.

ಇನ್ನು ಬಿಚ್ಚಿದ ಕಥೆ. ಒಟ್ಟು ತೂಕ ಸುಮಾರು 8 ಕಿಲೋ, ಮೈಯೆಲ್ಲ ಎರಕದ ಕಬ್ಬಿಣ. ಇಂಗ್ಲಿಷಿನ ಓ ಅಕ್ಷರದ ಹಾಗೆ ಸುತ್ತಲೂ ಮುಚ್ಚಿದ ಚೌಕಟ್ಟು, ಕೆಳಗಿನ ತೂತಿನಲ್ಲಿ ಮೇಲೆ ಕೆಳಗೆ ಓಡುವ ಒಂದಿಂಚು ದಪ್ಪದ ರ‍್ಯಾಮ್, ಅದಕ್ಕೆ ಪಿನ್ನುಗಳಿಂದ ಜೋಡಿಸಿದ ಕೊಂಡಿಗಳು, ಕೊಂಡಿಗೆ ಸ್ಕ್ರೂ ಆಗುವ ಹಿಡಿ. ಇಷ್ಟೇ. ಹಿಡಿ ಕೆಳಕ್ಕೆ ಬಂದ ಹಾಗೆಲ್ಲ ಕೊಂಡಿಗಳು ನೇರವಾಗುತ್ತಾ ಹೋಗುತ್ತವೆ, ಬಲ ಹೆಚ್ಚುತ್ತಾ ಹೋಗುತ್ತದೆ. ಕೊನೆಯ ಅರ್ಧ ಇಂಚಿನಲ್ಲಿ ಒಂದೇ ಕೈಯಲ್ಲಿ ಉಕ್ಕನ್ನೂ ಬಗ್ಗಿಸಬಹುದು ಅನ್ನಿಸುವಷ್ಟು.

ಅಂಟಿಕೊಂಡಿದ್ದ ರ‍್ಯಾಮಿಗೆ ಸುತ್ತಿಗೆ ತೋರಿಸಲಿಲ್ಲ. ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೀಳುತ್ತದೆ. ಗೇರ್ ಎಣ್ಣೆ, ಅಂದರೆ ಆಟೋಮ್ಯಾಟಿಕ್ ಗಾಡಿಗೆ ಹಾಕುವ ಕೆಂಪೆಣ್ಣೆ, ಮತ್ತು ಅಸಿಟೋನ್ ಸಮಸಮ ಬೆರೆಸಿ, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಟ್ಟು, ದಿನಕ್ಕೆರಡು ಸಲ ರ‍್ಯಾಮಿನ ಸುತ್ತ ಹನಿ ಹನಿ ಬಿಡುತ್ತಾ ನಾಲ್ಕು ದಿನ ಕಾದೆ. ಐದನೇ ದಿನ ಬೆಳಗ್ಗೆ ಹಿಡಿಗೆ ಕೈಯಿಟ್ಟಾಗ ಮೆಲ್ಲಗೆ ಒಂದು ಬೆರಳಗಲ ಜಾರಿತು. ಆಮೇಲೆ ಒಂದೊಂದೇ ಬೆರಳಗಲ. ರ‍್ಯಾಮ್ ಈಚೆ ಬಂದಾಗ ಮೈಮೇಲೆ ಕಂದು ಬಣ್ಣದ ಗೋಂದಿನಂಥ ಪದರ. ತುಕ್ಕಿಗಿಂತ ಹೆಚ್ಚಾಗಿ ಒಣಗಿದ ಎಣ್ಣೆಯೇ ಅದು. ಹಿಂದಿನ ಯಜಮಾನ ಎಣ್ಣೆ ಹಾಕುತ್ತಿದ್ದ, ಒರೆಸುತ್ತಿರಲಿಲ್ಲ.

ಇಲ್ಲೇ ಬಹಳ ಜನ ತಪ್ಪು ಮಾಡುತ್ತಾರೆ. ರ‍್ಯಾಮ್ ಮಿರಮಿರ ಹೊಳೆಯಬೇಕು ಅಂತ ಎಮರಿ ಪೇಪರ್ ಹಿಡಿದು ಉಜ್ಜುತ್ತಾರೆ. ಉಜ್ಜಿದಷ್ಟೂ ಲೋಹ ಹೋಗುತ್ತದೆ, ಹೋದಷ್ಟೂ ರ‍್ಯಾಮಿಗೂ ತೂತಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಈ ಪ್ರೆಸ್ಸಿನ ಬೆಲೆಯಿರುವುದೆಲ್ಲ ಆ ಸಂದಿನಲ್ಲಿ. ನಾನು ಬಳಸಿದ್ದು ನಾಲ್ಕು ಸೊನ್ನೆ ನಂಬರಿನ ಅತಿ ನುಣುಪು ಸ್ಟೀಲ್ ವೂಲ್ ಮತ್ತು ತೆಳು ಎಣ್ಣೆ. ಕಲೆಗಳು ಉಳಿದವು, ಇರಲಿ ಅಂತ ಬಿಟ್ಟೆ. ಉಗುರು ಎಳೆದರೆ ತಡೆಯಬಾರದು, ಅಷ್ಟೇ ಲೆಕ್ಕ. ಜೋಡಿಸಿ ಆದಮೇಲೆ ಡಯಲ್ ಗೇಜನ್ನು ಚೌಕಟ್ಟಿಗೆ ಅಂಟಿಸಿ ರ‍್ಯಾಮಿನ ತಲೆ ಒತ್ತಿ ನೋಡಿದೆ. ಅಲ್ಲಾಡಿದ್ದು ಇಂಚಿನ ಸಾವಿರದ 3 ಭಾಗ, ಒಂದು ಕೂದಲೆಳೆಯಷ್ಟು. ಇಷ್ಟು ವರ್ಷದ ಯಂತ್ರಕ್ಕೆ ಇದು ಬಹಳ ಚೆನ್ನ.

ರ‍್ಯಾಮಿನ ಸೀಳಿನಲ್ಲಿ, ಪಿನ್ನುಗಳ ಸುತ್ತ, ಎಲ್ಲೆಲ್ಲೂ ಒಂದು ಬೂದುಗಪ್ಪು ಪುಡಿ ಮೆತ್ತಿಕೊಂಡಿತ್ತು. ಸತ್ತ ಪ್ರೈಮರಿನ ಮಸಿ ಅದು. ಸಾಮಾನ್ಯ ಪ್ರೈಮರಿನಲ್ಲಿ ಲೆಡ್ ಸ್ಟಿಫ್ನೇಟ್ ಇರುತ್ತದೆ, ಅಂದರೆ ಆ ಮಸಿಯಲ್ಲಿ ಸೀಸ. ನನ್ನ ಮಗಳಿಗೆ ಆರು ವರ್ಷ, ಗ್ಯಾರೇಜಿನಲ್ಲೇ ಸೈಕಲ್ ಇಡುತ್ತಾಳೆ. ಹಾಗಾಗಿ ಕಂಪ್ರೆಸರ್ ಗಾಳಿ ಹೊಡೆಯಲಿಲ್ಲ, ಒಣ ಬ್ರಷ್ಷಿನಿಂದ ಉಜ್ಜಲಿಲ್ಲ. ಕೈಗವಸು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದೆ. ಕೆಲಸದ ಅಂಗಿಯನ್ನು ಮನೆಯ ಬಟ್ಟೆ ಜೊತೆ ಒಗೆಯಲಿಲ್ಲ. ಹಳೇ ಪ್ರೆಸ್ ತರುವವರು ತುಕ್ಕಿಗಿಂತ ಮೊದಲು ಈ ಮಸಿಗೆ ಹೆದರಬೇಕು.

ಪಿನ್ನು, ಸರ್‌ಕ್ಲಿಪ್, ಕೊಂಡಿಗಳನ್ನು ಇವಾಪೊ-ರಸ್ಟ್ ಅನ್ನುವ ದ್ರವದಲ್ಲಿ ರಾತ್ರಿಯಿಡೀ ನೆನೆಸಿದೆ. ಇದರ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ನೀರಿನ ಹಾಗೆ ಇರುತ್ತದೆ, ಕೈ ಸುಡುವುದಿಲ್ಲ, ತುಕ್ಕನ್ನು ಮಾತ್ರ ತಿಂದು ಒಳ್ಳೆ ಲೋಹವನ್ನು ಬಿಡುತ್ತದೆ. ವಿನೆಗರ್ ಹಾಗಲ್ಲ, ಮರೆತು ಬಿಟ್ಟರೆ ಲೋಹಕ್ಕೂ ಬಾಯಿ ಹಾಕುತ್ತದೆ. ಬೆಳಗ್ಗೆ ಎತ್ತಿದಾಗ ಪಿನ್ನುಗಳು ಬೂದು ಬಣ್ಣಕ್ಕೆ ತಿರುಗಿದ್ದವು. ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಿದೆ. ಒಂದು ಗಂಟೆ ತಡ ಮಾಡಿದರೂ ಮತ್ತೆ ಕೆಂಪಾಗುತ್ತವೆ. ಪಿನ್ನುಗಳಿಗೆ ತೆಳ್ಳಗೆ ಗ್ರೀಸ್, ರ‍್ಯಾಮಿಗೆ ಒಂದು ಹನಿ ತೆಳು ಎಣ್ಣೆ ಹಾಕಿ ಒರೆಸಿಬಿಡುವುದು.

ಬಣ್ಣ? ಹೊಡೆಯಲಿಲ್ಲ. ಹಳೇ ಹಸಿರನ್ನು ಸಾಬೂನು ನೀರಿನಲ್ಲಿ ತೊಳೆದು, ಕಾಲಿನ ಬಳಿ ಕಬ್ಬಿಣ ಕಾಣುತ್ತಿದ್ದ ಎರಡು ಕಡೆ ಮಾತ್ರ ರಸ್ಟ್-ಓಲಿಯಂನ ಕಡುಹಸಿರು ತೇಪೆ ಹಾಕಿದೆ. ಚೌಕಟ್ಟಿನ ಒಂದು ಜಾಗದಲ್ಲಿ ಬಣ್ಣ ಸವೆದು ಕಬ್ಬಿಣ ನುಣುಪಾಗಿದೆ. ಯಾರದೋ ಎಡಗೈ ವರ್ಷಗಟ್ಟಲೆ ಅಲ್ಲಿ ಊರಿ ನಿಂತಿತ್ತು ಅಂತ ಕಾಣುತ್ತದೆ. ನನ್ನ ಎಡಗೈಯೂ ಅಲ್ಲೇ ಹೋಗಿ ಕೂರುತ್ತದೆ. ಅದರ ಮೇಲೆ ಬಣ್ಣ ಬಳಿಯಲು ಮನಸ್ಸು ಬರಲಿಲ್ಲ.

ಕಾಣೆಯಾಗಿದ್ದದ್ದು ಎರಡು: ರ‍್ಯಾಮಿನ ತಲೆಯಲ್ಲಿ ಚಿಪ್ಪಿನ ಬುಡ ಕೂರುವ ಶೆಲ್ ಹೋಲ್ಡರನ್ನು ಹಿಡಿಯುವ ಪುಟ್ಟ ತಂತಿ ಸ್ಪ್ರಿಂಗ್, ಮತ್ತು ಕೇಪು ಕೂರಿಸುವ ತೋಳು. ಅಗ್ಗಕ್ಕೆ ಸಿಗುತ್ತದೆಂದು ಆನ್‌ಲೈನಿನಲ್ಲಿ ಯಾರೋ ಒಬ್ಬ ಮಾರಾಟಗಾರನಿಂದ ತೋಳು ತರಿಸಿದೆ. ಬಂದದ್ದು ಬೇರೆ ಮಾದರಿಯದು, ಸೀಳಿನೊಳಗೆ ಹೋಗಲೇ ಇಲ್ಲ. ವಾಪಸ್ ತಗೊಳ್ಳುವುದಿಲ್ಲ ಅಂತ ಒಂದೇ ಸಾಲಿನ ಉತ್ತರ. 18 ಡಾಲರ್ ಹೋಯಿತು. ಫೈಲ್ ಹಾಕಿ ಕೂರಿಸಬಹುದಿತ್ತು, ಆದರೆ ಕೇಪು ಅಂದರೆ ಪೆಟ್ಟಿಗೆ ಸಿಡಿಯುವ ವಸ್ತು, ಅದನ್ನು ಒತ್ತುವ ತೋಳು ಸೊಟ್ಟಗಿರುವುದು ಬೇಡ. ಆಮೇಲೆ ತಯಾರಕರ ಬಿಡಿಭಾಗವನ್ನೇ ತರಿಸಿದೆ. ಮೊದಲ ಸಲಕ್ಕೇ ಕೂತಿತು, ದೊಡ್ಡ ಮತ್ತು ಸಣ್ಣ ಎರಡೂ ಅಳತೆಯ ಕೇಪಿಗೆ ಬೇಕಾದ ತುದಿಗಳು ಜೊತೆಗಿದ್ದವು. ಹಳೇ ಕಬ್ಬಿಣಕ್ಕೆ ಇಂದೂ ಭಾಗ ಸಿಗುವುದು ಈ ಪ್ರೆಸ್ಸಿನ ಅರ್ಧ ಬೆಲೆ ಅಂತ ನನ್ನ ಲೆಕ್ಕ. ಎಷ್ಟೋ ಒಳ್ಳೊಳ್ಳೆ ಹಳೇ ಪ್ರೆಸ್ಸುಗಳು ಚಂದವಾಗಿ ಕಂಡರೂ ಒಂದು ಸ್ಪ್ರಿಂಗ್ ಕಳೆದರೆ ಶೋಕೇಸಿಗೆ ಹೋಗುತ್ತವೆ.

ಸೇರಿಸಿಕೊಂಡ ಸಾಮಾನುಗಳಲ್ಲಿ ನನಗೆ ಅತಿ ಉಪಕಾರವಾದದ್ದು ಎತ್ತರದ ಮೌಂಟ್, ಅಂದರೆ ಪ್ರೆಸ್ಸನ್ನು ಬೆಂಚಿನಿಂದ ಮೇಲೆತ್ತಿ ನಿಲ್ಲಿಸುವ ಪೀಠ. ಇನ್‌ಲೈನ್ ಫ್ಯಾಬ್ರಿಕೇಶನ್‌ನವರ ಅಲ್ಟ್ರಾಮೌಂಟ್, ದಪ್ಪ ಉಕ್ಕಿನದು. ಪ್ರೆಸ್ಸಿಗಿಂತ ಮೌಂಟಿಗೇ ಹೆಚ್ಚು ಕೊಟ್ಟೆ, ಹೆಂಡತಿ ಕೇಳಿದಳು, ಇದ್ದದ್ದನ್ನೇ ಹೇಳಿದೆ. ಮೊದಲು ಬೆಂಚಿಗೇ ಬೋಲ್ಟ್ ಮಾಡಿದ್ದಾಗ ಪ್ರತಿ ತೋಟೆಗೂ ಸೊಂಟ ಬಗ್ಗಿಸಿ ನೋಡಬೇಕಿತ್ತು, ಐವತ್ತು ತೋಟೆಗೆ ಬೆನ್ನು ಹಿಡಿಯುತ್ತಿತ್ತು. ಈಗ ನೆಟ್ಟಗೆ ನಿಂತೇ ಕೆಲಸ. ಬೆಂಚಿನ ಹಲಗೆಯನ್ನೂ ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಅಂಟಿಸಿ ದಪ್ಪ ಮಾಡಿದೆ. ಹಲಗೆ ಬಗ್ಗಿದರೆ ಕೈಗೆ ಸಿಗಬೇಕಾದ ಸುದ್ದಿ ಹಲಗೆಯಲ್ಲೇ ಕಳೆದುಹೋಗುತ್ತದೆ. ಅದೇ ಕಂಪನಿಯ ಉರುಳು ಹಿಡಿಯನ್ನೂ ಹಾಕಿದೆ, ಅಂಗೈಯಲ್ಲಿ ತಿರುಗುತ್ತದೆ, ಮಣಿಕಟ್ಟು ನೋಯುವುದಿಲ್ಲ. ಒಳ್ಳೆಯದೇ, ಆದರೆ ಮೌಂಟಿನಷ್ಟು ಅಗತ್ಯವಲ್ಲ.

ಹಾರ್ನಡಿಯವರ ಲಾಕ್-ಎನ್-ಲೋಡ್ ಬುಶಿಂಗ್ ಬಗ್ಗೆ ಕೇಳುವವರು ಬಹಳ. ರಾಕ್ ಚಕ್ಕರ್‌ನ ತಲೆಯಲ್ಲಿ ಬಿಚ್ಚಬಹುದಾದ ಬುಶಿಂಗ್, ಅಂದರೆ ತಿರುಪಿನ ಬಳೆ, ಇರುತ್ತದೆ. ಹೊರಗೆ ಒಂದೂಕಾಲು ಇಂಚಿನ 12 ಎಳೆಯ ತಿರುಪಿನ ಮರೆ, ಒಳಗೆ ಡೈ (ಚಿಪ್ಪನ್ನು ಅಳತೆಗೆ ಹಿಸುಕುವ ಅಚ್ಚು) ಕೂರುವ 7/8 ಇಂಚಿನ 14 ಎಳೆಯ ಮರೆ. ಅದನ್ನು ತೆಗೆದು ಹಾರ್ನಡಿಯದನ್ನು ಹಾಕಿದರೆ ಡೈಗಳನ್ನು ಬಾಟಲಿ ಮುಚ್ಚಳ ತಿರುಗಿಸಿದಂತೆ ತೆಗೆದು ಹಾಕಬಹುದು. ಪ್ರತಿ ಸಲ ಅಳತೆ ಹೊಂದಿಸುವ ಕೆಲಸ ತಪ್ಪುತ್ತದೆ. ಇದರಲ್ಲಿ ಒಂಚೂರು ಸಡಿಲ ಇದೆ, ಶುದ್ಧವಾದಿಗಳು ಒಪ್ಪುವುದಿಲ್ಲ. ನಾನು ಒಂದೇ ಡೈಯನ್ನು ಹತ್ತು ಸಲ ತೆಗೆದು ಹಾಕಿ, ಪ್ರತಿ ಸಲ ಒಂದು ಚಿಪ್ಪು ಹಿಸುಕಿ, ಚಿಪ್ಪಿನ ಭುಜದ, ಅಂದರೆ ಕುತ್ತಿಗೆಯ ಕೆಳಗಿನ ಇಳಿಜಾರಿನ, ಅಳತೆ ತೆಗೆದೆ. ಎಲ್ಲವೂ ಇಂಚಿನ ಸಾವಿರದ 2 ಭಾಗದೊಳಗೇ ಇದ್ದವು. ನನಗೆ ಸಾಕು, ಉಳಿಸಿಕೊಂಡೆ.

ಹಳೇ ರಾಕ್ ಚಕ್ಕರ್‌ನ ನಿಜವಾದ ದೋಷ ಒಂದಿದೆ, ಮುಚ್ಚಿಡುವುದಿಲ್ಲ. ಸತ್ತ ಕೇಪುಗಳು ರ‍್ಯಾಮಿನ ಸೀಳಿನಿಂದ ಮುಂದಕ್ಕೆ ಉದುರುತ್ತವೆ, ಅವನ್ನು ಹಿಡಿಯಲು ಒಂದು ಪ್ಲಾಸ್ಟಿಕ್ ತಟ್ಟೆ ಸಿಕ್ಕಿಸಬೇಕು. ಹತ್ತರಲ್ಲಿ ಒಂದಾದರೂ ತಪ್ಪಿಸಿಕೊಂಡು ನೆಲಕ್ಕೆ ಬಿದ್ದು ಉರುಳುತ್ತದೆ, ಜೊತೆಗೆ ಆ ಸೀಸದ ಮಸಿ. ತಟ್ಟೆಯ ಬೆನ್ನಿಗೆ ಎರಡು ಬಲವಾದ ಅಯಸ್ಕಾಂತದ ಬಿಲ್ಲೆ ಅಂಟಿಸಿದೆ. ಈಗ ಚೌಕಟ್ಟಿನ ಕಬ್ಬಿಣಕ್ಕೆ ಕಚ್ಚಿಕೊಂಡು ಕೂರುತ್ತದೆ, ಸಂದು ಮುಚ್ಚಿದೆ, ತಪ್ಪಿಸಿಕೊಳ್ಳುವುದು ನೂರಕ್ಕೆ ಒಂದೋ ಎರಡೋ. ಆದರೂ ಈ ಒಂದು ವಿಷಯದಲ್ಲಿ ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್ ಮುಂದಿದೆ. ಅದರ ರ‍್ಯಾಮ್ ಟೊಳ್ಳು, ಕೇಪು ಒಳಗಿಂದಲೇ ಇಳಿದು ಕೊಳವೆಯಲ್ಲಿ ಬೀಳುತ್ತದೆ. ಮನೆಯೊಳಗೆ, ಮಕ್ಕಳಿರುವ ಕಡೆ ಕೆಲಸ ಮಾಡುವವರಾದರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಫಾರ್ಸ್ಟರ್ ಕೋ-ಆಕ್ಸ್ ಗೆಳೆಯನ ಮನೆಯಲ್ಲಿ ಬಳಸಿದ್ದೇನೆ. ಡೈ ಸುಮ್ಮನೆ ಜಾರಿಸಿ ಕೂರಿಸುವುದು, ತಿರುಪುವ ಗೋಜಿಲ್ಲ. ಅದ್ಭುತ ಯಂತ್ರ, ಬೆಲೆಯೂ ಹಾಗೇ.

ಕಾಫಿ ಡಬ್ಬದಲ್ಲಿ ಇದ್ದದ್ದನ್ನು ಹೇಳಲೇ ಇಲ್ಲ. .30-06 ಅನ್ನುವ ರೈಫಲ್ ತೋಟೆಯ ಡೈಗಳ ಜೋಡಿ, ತುಕ್ಕು ಹಿಡಿದ 3ನೇ ನಂಬರಿನ ಶೆಲ್ ಹೋಲ್ಡರ್, ಹೆಸರಿಲ್ಲದ ಮದ್ದಿನ ಒಂದು ಸಣ್ಣ ಸೀಸೆ, ಮತ್ತು ಎಲ್ಲಕ್ಕಿಂತ ಕೆಳಗೆ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿದ್ದ ಒಂದು 5-0-5 ಮಾದರಿಯ ತಕ್ಕಡಿ. ಮದ್ದಿನ ಸೀಸೆಯನ್ನು ತೆರೆದೆ, ಹುಳಿ ವಾಸನೆ ಬಂತು. ಕೆಟ್ಟ ಮದ್ದಿನ ಲಕ್ಷಣ. ವಾಸನೆ ಚೆನ್ನಾಗಿದ್ದರೂ ಬಳಸುತ್ತಿರಲಿಲ್ಲ. ಮೂಲ ಡಬ್ಬದಲ್ಲಿ ಇಲ್ಲದ ಮದ್ದು ಯಾವುದು ಅಂತ ಕಣ್ಣಿಂದ ನೋಡಿ ಹೇಳಲು ಯಾರಿಗೂ ಆಗದು. ಅದನ್ನು ದೂರ ಮಾಡಿದೆ.

ತಕ್ಕಡಿ ಮಾತ್ರ ಚಿನ್ನ. ಆರ್‌ಸಿಬಿಎಸ್ ಹೆಸರಿನಲ್ಲಿ ಓಹಾಸ್ ಕಂಪನಿ ಮಾಡಿಕೊಟ್ಟದ್ದು. ದಂಡದ ಚೂರಿ ಅಂಚು ಎರಡು ಪುಟ್ಟ ಅಗೇಟ್ ಕಲ್ಲುಗಳ ಮೇಲೆ ಕೂರುತ್ತದೆ, ಅಯಸ್ಕಾಂತ ತುಯ್ದಾಟವನ್ನು ನಿಲ್ಲಿಸುತ್ತದೆ. ಕಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಎಣ್ಣೆ ಮುಟ್ಟಿಸಲಿಲ್ಲ. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ಅಪ್ಪಯ್ಯನಿಗೆ ಹೇಗೆ ಹೇಳುವುದು ಅಂತ ಲೆಕ್ಕ ಹಾಕಿದೆ. ಒಂದು ಗ್ರೇನ್ ಅಂದರೆ ಸುಮಾರು ಅರ್ಧ ಗುಲಗಂಜಿ ತೂಕ, ಈ ತಕ್ಕಡಿ ಅದರ ಹತ್ತನೇ ಒಂದು ಭಾಗಕ್ಕೂ ಬಾಗುತ್ತದೆ. “ನಮ್ಮ ಅಕ್ಕಸಾಲಿಗೂ ಅಷ್ಟು ಸಣ್ಣದು ಬೇಕಿರಲಿಲ್ಲ ಕಣೋ” ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮದ್ದು ಹೆಚ್ಚಾದ್ರೆ ನಳಿಗೆ ಒಡೆಯುತ್ತೆ, ಕೈ ಹೋಗುತ್ತೆ, ಜೋಪಾನ” ಅಂದರು. ಅವರ ಸಣ್ಣ ವಯಸ್ಸಿನಲ್ಲಿ ಪಕ್ಕದ ಊರಿನ ಕೇಪಿನ ಕೋವಿ ಒಡೆದು ಒಬ್ಬರ ಎರಡು ಬೆರಳು ಹೋದದ್ದನ್ನು ಕಂಡವರು ಅವರು. ಮದ್ದಿನ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಬೇರೆಯವರು ಬರೆದದ್ದನ್ನೂ ನಂಬಬೇಡಿ. ಮದ್ದಿನ ಕಂಪನಿಯ ಅಚ್ಚಾದ ಪಟ್ಟಿ ನೋಡಿ, ಅದರಲ್ಲಿರುವ ಆರಂಭದ ಅಳತೆಯಿಂದಲೇ ಶುರು ಮಾಡಿ.

ಮೊದಲ ದಿನವೇ ಒಂದು ಅನಾಹುತ ಆಯಿತು. ಚಿಪ್ಪುಗಳಿಗೆ ಜಾರಿಕೆಯ ಎಣ್ಣೆ ಸಿಂಪಡಿಸಿ ಒಣಗುವ ಮೊದಲೇ, ಒಂದೆರಡಕ್ಕೆ ಸರಿಯಾಗಿ ತಾಗಿದೆಯೋ ಇಲ್ಲವೋ ನೋಡದೆ, ಹಿಡಿ ಎಳೆದೆ. ನಾಲ್ಕನೇ ಚಿಪ್ಪು ಡೈಯೊಳಗೆ ಕಚ್ಚಿಕೊಂಡಿತು. ಹಿಡಿಯನ್ನು ಮೇಲೆತ್ತಲು ಹೋದಾಗ ಚಿಪ್ಪಿನ ಅಂಚು ಕಿತ್ತು ಬಂತು, ಮೈ ಒಳಗೇ ಉಳಿಯಿತು. ಆರ್‌ಸಿಬಿಎಸ್‌ನವರದೇ ಸ್ಟಕ್ ಕೇಸ್ ರಿಮೂವರ್ ಅಂತ ಒಂದು ಪುಟ್ಟ ಕಿಟ್ ಸಿಗುತ್ತದೆ. ಡೈಯ ಒಳಗಿನ ಕಡ್ಡಿಯನ್ನು ಮೇಲಕ್ಕೆ ತಿರುಪಿ, ಕೇಪಿನ ತೂತನ್ನು 7ನೇ ನಂಬರಿನ ಡ್ರಿಲ್ಲಿನಲ್ಲಿ ದೊಡ್ಡದು ಮಾಡಿ, ಕಾಲಿಂಚಿನ 20 ಎಳೆಯ ಟ್ಯಾಪಿನಿಂದ ತಿರುಪಿನ ಮರೆ ಕೊರೆದು, ಕಿಟ್ಟಿನ ಬಟ್ಟಲಿನ ಮೂಲಕ ಬೋಲ್ಟ್ ತಿರುಗಿಸಿದರೆ ಚಿಪ್ಪು ಇಂಚಿಂಚೇ ಈಚೆ ಬರುತ್ತದೆ. ಹಲ್ಲು ಕಿತ್ತ ಹಾಗೆ ಕಿರ್ ಅನ್ನುವ ಸದ್ದು. ಡೈಗೆ ಗೀರು ಬೀಳಲಿಲ್ಲ. ಪ್ರೆಸ್ ಕೊಳ್ಳುವ ದಿನವೇ ಈ ಕಿಟ್ಟನ್ನೂ ಕೊಂಡುಬಿಡಿ. ಆಮೇಲಿಂದ ನಾನು ಲ್ಯಾನೋಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡು, ಆಲ್ಕೋಹಾಲಿನಲ್ಲಿ ಕರಗಿಸಿ ಸಿಂಪಡಿಸಿ, ಆಲ್ಕೋಹಾಲ್ ಪೂರ್ತಿ ಆರುವ ತನಕ ಐದು ನಿಮಿಷ ಕಾಯುತ್ತೇನೆ. ಒಂದೂ ಕಚ್ಚಿಲ್ಲ.

ಎಲ್ಲ ಸರಿಯಾದಾಗ ಈ ಪ್ರೆಸ್ ಕೈಗೆ ಹೇಗಿರುತ್ತದೆ ಅನ್ನುವುದನ್ನು ಬರೆಯಲೇಬೇಕು. ಚಿಪ್ಪು ಡೈಯೊಳಗೆ ಹೋಗುವಾಗ ಮೊದಲು ಏನೂ ಇಲ್ಲ. ಕುತ್ತಿಗೆ ತಾಗಿದಾಗ ಬೆಣ್ಣೆ ಸವರಿದಂಥ ಸಣ್ಣ ತಡೆ. ಆಮೇಲೆ ಮೈ ಹಿಸುಕುವ ಭಾರ, ಅದೇ ಹೊತ್ತಿಗೆ ಕಡ್ಡಿಯ ತುದಿ ಸತ್ತ ಕೇಪನ್ನು ತಳ್ಳುವ ಸಣ್ಣ ಟಿಕ್. ಕೊನೆಯಲ್ಲಿ ಕೊಂಡಿಗಳು ನೆಟ್ಟಗಾಗಿ ಆಚೆ ಬೀಳುವಾಗ ಹಿಡಿಯಲ್ಲಿ ಒಂದು ಗಟ್ಟಿ ಟಕ್. ಹಿತ್ತಾಳೆ ಹಳೆಯದಾಗಿ ಬಿರುಸಾಗಿದ್ದರೆ ಭಾರದಲ್ಲೇ ಗೊತ್ತಾಗುತ್ತದೆ. ಕೇಪಿನ ಗುಂಡಿ ಸಡಿಲವಾಗಿದ್ದರೆ ಹೊಸ ಕೇಪು ಕೂರುವಾಗ ಬೆರಳಿಗೆ ತಿಳಿಯುತ್ತದೆ, ಆ ಚಿಪ್ಪನ್ನು ಆಗಲೇ ಬದಿಗೆ ಎಸೆಯುತ್ತೇನೆ. ಅದಕ್ಕೇ ಕೇಪನ್ನು ಪ್ರೆಸ್ಸಿನ ತೋಳಿನಲ್ಲೇ ಒಂದೊಂದಾಗಿ ಕೂರಿಸುವುದು ನನಗೆ ಇಷ್ಟ. ನಿಧಾನ, ನಿಜ. ಗಂಟೆಗೆ ನಲವತ್ತು ತೋಟೆ ಆದರೆ ಹೆಚ್ಚು. ನೂರಾರು ತೋಟೆ ಬೇಕಾದವರಿಗೆ ಇದು ಹೇಳಿ ಮಾಡಿಸಿದ ಯಂತ್ರ ಅಲ್ಲ.

ಚೌಕಟ್ಟಿನ ಒಳಮೈಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದೆ. ಮದ್ದು ಹಾಕಿದ ಚಿಪ್ಪುಗಳನ್ನು ಸಾಲಾಗಿ ಇಟ್ಟು ಪ್ರತಿಯೊಂದರ ಒಳಗೆ ಇಣುಕುತ್ತೇನೆ. ಗುಂಡು ಒತ್ತುವ ಮೊದಲು ಅದೇ ಬೆಳಕಿನಲ್ಲಿ ಇನ್ನೊಮ್ಮೆ. ಆ ಹೊತ್ತಿನಲ್ಲಿ ಫೋನ್ ಇಲ್ಲ, ಹಾಡು ಇಲ್ಲ, ಯಾರಾದರೂ ಮಾತಾಡಿಸಿದರೆ ಕೆಲಸ ನಿಲ್ಲಿಸಿ ಮಾತಾಡುತ್ತೇನೆ, ಎರಡೂ ಒಟ್ಟಿಗೆ ಇಲ್ಲ.

ನಾನು ಬೇಟೆಗಾರ ಅಲ್ಲ, ಕ್ಲಬ್ಬಿನ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುವವನು. ಮೊದಲ ಇಪ್ಪತ್ತು ತೋಟೆಗಳನ್ನು ಏಪ್ರಿಲ್ ಕೊನೆಯ ಶನಿವಾರ 100 ಗಜದಲ್ಲಿ ಹೊಡೆದೆ. ಐದೈದರ ನಾಲ್ಕು ಗುಂಪು, ಚೆನ್ನಾಗಿ ಬಂದ ಗುಂಪಿನ ತೂತುಗಳು ಹರಡಿದ್ದು ಒಂದೂಕಾಲು ಇಂಚು. ಅಂಗಡಿಯ ತೋಟೆಯಲ್ಲಿ ಅದೇ ರೈಫಲ್ ಎರಡಿಂಚಿಗಿಂತ ಕಡಿಮೆ ಕೊಟ್ಟಿರಲಿಲ್ಲ. ಚಿಪ್ಪುಗಳನ್ನೆಲ್ಲ ಹೆಕ್ಕಿ ಡಬ್ಬಕ್ಕೆ ಹಾಕುವಾಗ ಒಂದನ್ನು ಮೂಗಿನ ಹತ್ತಿರ ಹಿಡಿದೆ. ಕೊಟ್ಟಿಗೆ ಹಿಂದಿನ ಓಣಿ ಬಂತು.

ಲೆಕ್ಕ ಕೇಳುವವರಿಗೆ: ಹರಾಜಿನ 55, ದಂಡವಾದ ತೋಳಿನ 18, ಸರಿಯಾದ ತೋಳು, ಸ್ಪ್ರಿಂಗ್, ಕಿಟ್, ಬುಶಿಂಗ್, ಹಿಡಿ, ಮೌಂಟ್ ಎಲ್ಲ ಸೇರಿ 300 ಡಾಲರ್ ಹತ್ತಿರ ಹೋಯಿತು. ಹಣ ಉಳಿಸಲು ಅಂತ ಹೊರಟವರು ಮೌಂಟ್, ಬುಶಿಂಗ್, ಹಿಡಿ ಬಿಟ್ಟುಬಿಡಿ, ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ, ತೋಟೆಯ ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೊಳ್ಳುವಾಗ ರ‍್ಯಾಮ್ ಆದಮೇಲೆ ಇನ್ನೆರಡು ಜಾಗ ನೋಡಿ: ಕೆಳಗಿನ ಪಿನ್ನು ಕೂರುವ ಕಿವಿಗಳಲ್ಲಿ ಬಿರುಕು, ಮತ್ತು ಮೇಲಿನ ಬುಶಿಂಗಿನ ಮರೆ. ಬಿರುಕು ಕಂಡರೆ ಬಿಟ್ಟಿ ಕೊಟ್ಟರೂ ಬೇಡ.

ಮುಂದಿನ ವಾರ .223 ಅನ್ನುವ ಇನ್ನೊಂದು ತೋಟೆಯ ಡೈಗಳು ಬರುತ್ತವೆ. ಅದಕ್ಕೆ 10ನೇ ನಂಬರಿನ ಶೆಲ್ ಹೋಲ್ಡರ್ ಬೇಕು, ತೋಳಿಗೆ ಸಣ್ಣ ಕೇಪಿನ ತುದಿ ಹಾಕಬೇಕು. ಮಗಳ ಸೈಕಲ್ಲಿಗೆ ಗ್ಯಾರೇಜಿನ ಆಚೆ ಬದಿಯಲ್ಲಿ ಕೊಕ್ಕೆ ಹೊಡೆದಿದ್ದೇನೆ.